ಬತ್ತಿದ ಬಾವಿಯೂ ಹಸಿರು ತೋಟವೂ

ಪ್ರಶ್ನೆ: ನಾನು ಜಿಲ್ಲಾ ಪತ್ರಿಕೆಯೊಂದರ ಛಾಯಾಗ್ರಾಹಕ. ಬರಪೀಡಿತ ಊರಿಗೆ ಹೋದರೆ ನನ್ನ ಕಣ್ಣು ಬತ್ತಿದ ಬಾವಿ, ಬಡಕಲು ದನಗಳತ್ತಲೇ ಹೋಗುತ್ತದೆ. ಅದೇ ಊರಿನ ಹಸಿರು ತೋಟವನ್ನು ಬಿಟ್ಟು ಬರುತ್ತೇನೆ. ಇದು ಪಕ್ಷಪಾತವಲ್ಲವೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಆಯ್ಕೆಯಿಲ್ಲದೆ ಫೋಟೊ ಇಲ್ಲ. ಕ್ಯಾಮೆರಾ ಒಂದು ಕಡೆಗೆ ತಿರುಗಿದೊಡನೆ ಉಳಿದ ದಿಕ್ಕುಗಳು ಚೌಕಟ್ಟಿನಿಂದ ಹೊರಗೆ ಬೀಳುತ್ತವೆ. ನೊಂದವರತ್ತ ಕಣ್ಣು ಹರಿಯುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ದೋಷ ನುಸುಳುವ ಜಾಗ ಬೇರೆಯೇ ಇದೆ.

1936ರ ಮಾರ್ಚ್‌ನಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ‘ವಲಸೆ ತಾಯಿ’ಯ ಚಿತ್ರವನ್ನು ನೀವು ನೋಡಿರುತ್ತೀರಿ: ಗಲ್ಲಕ್ಕೆ ಬೆರಳು ತಾಗಿಸಿ ದೂರ ನೋಡುತ್ತಿರುವ ತಾಯಿ, ಅವಳ ಎರಡೂ ಭುಜಗಳಿಗೆ ಒರಗಿ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. ಅದೇ ಹೊತ್ತಿನ ಬೇರೆ ಚಿತ್ರಗಳಲ್ಲಿರುವ ಹದಿಹರೆಯದ ಮಗಳು ಇದರಲ್ಲಿಲ್ಲ. ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದಿದ್ದ ಹೆಬ್ಬೆರಳನ್ನೂ ಲ್ಯಾಂಗ್ ಆಮೇಲೆ ಅಳಿಸಿಸಿದರು. ಈ ಅಳಿಸುವಿಕೆ ನನಗೆ ಒಪ್ಪಿಗೆಯಿಲ್ಲ; ಆದರೂ ಆ ಬಡತನ ಸುಳ್ಳಲ್ಲ. ಚಿತ್ರಗಳು ಪತ್ರಿಕೆಯಲ್ಲಿ ಬಂದ ಬಳಿಕ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್ ತೂಕದ ಆಹಾರ ಕಳುಹಿಸಿತು.

ನನ್ನನ್ನು ಹೆಚ್ಚು ಕಾಡುವುದು ಚಿತ್ರದ ಜೊತೆಗೆ ಸಾಗಿಬಂದ ಮಾತು. ಹೊಟ್ಟೆಗಾಗಿ ಆ ತಾಯಿ ಕಾರಿನ ಟೈರುಗಳನ್ನೇ ಮಾರಿದ್ದಳೆಂದು ಲ್ಯಾಂಗ್ ಬರೆದರು. ಟೈರು ಮಾರಿಯೇ ಇರಲಿಲ್ಲ, ಕಾರು ಕೆಟ್ಟಿದ್ದರಿಂದ ಅಲ್ಲಿ ತಂಗಿದ್ದೆವು ಎಂದು ಆ ಕುಟುಂಬ ವರ್ಷಗಳ ನಂತರ ಹೇಳಿತು. ತಾವು ಅವಳ ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ಕೇಳಲಿಲ್ಲವೆಂದು ಲ್ಯಾಂಗ್ ಅವರೇ ಬರೆದಿದ್ದಾರೆ. ಆಹಾರ ಬರುವ ಹೊತ್ತಿಗೆ ಆ ಕುಟುಂಬ ಮುಂದಿನೂರಿಗೆ ಹೊರಟುಹೋಗಿತ್ತು. 1978ರಲ್ಲಿ ಗುರುತು ಸಿಕ್ಕಾಗ ಆಕೆ, ಆ ಫೋಟೊ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದರು. ಕರುಣೆಯಿದ್ದ ಛಾಯಾಗ್ರಾಹಕಿಯೇ ವಿಚಾರಿಸದೆ ಬಿಟ್ಟದ್ದರಿಂದ, ಜೀವಂತ ಹೆಂಗಸೊಬ್ಬಳು ತನ್ನದಲ್ಲದ ಕಥೆಯನ್ನು ನಾಲ್ಕು ದಶಕ ಹೊರಬೇಕಾಯಿತು.

ಆದ್ದರಿಂದ ಬತ್ತಿದ ಬಾವಿಯ ಚಿತ್ರವನ್ನು ನೀವು ಧಾರಾಳವಾಗಿ ತೆಗೆಯಿರಿ. ಅದು ಯಾರದು, ಯಾವಾಗ ಬತ್ತಿತು ಎಂದು ಕೇಳಿ ಅಡಿಬರಹದಲ್ಲಿ ಬರೆಯಿರಿ. ‘ಇಡೀ ಊರು ಒಣಗಿದೆ’ ಎಂದು ಬರೆಯುವ ಮೊದಲು ಆ ಹಸಿರು ತೋಟಕ್ಕೂ ಹೋಗಿ, ಅಲ್ಲಿನ ಕೊಳವೆಬಾವಿ ಎಷ್ಟು ಅಡಿ ಇಳಿದಿದೆ, ಅದಕ್ಕೆ ಎಷ್ಟು ಸಾಲವಾಗಿದೆ ಎಂದು ವಿಚಾರಿಸಿ. ಬಿಟ್ಟು ಬಂದ ತೋಟವೂ ಬರಗಾಲದ ಸುದ್ದಿಯೇ ಆಗಿರಬಹುದು.