ನಾಲಿಗೆ ಚಾಚದ ಜೇನು: ತಪ್ಪೆಲ್ಲಿ?

ಪ್ರಶ್ನೆ: ವಾಸನೆಯ ಬೆನ್ನಿಗೇ ಸಕ್ಕರೆ ಕೊಟ್ಟು, ಬರೀ ವಾಸನೆಗೇ ನಾಲಿಗೆ ಚಾಚುವಂತೆ ತುಡುವೆ ಜೇನಿಗೆ ಕಲಿಸುವ ಪ್ರಯೋಗ ನಡೆಸಿದ್ದೇವೆ. ಸಕ್ಕರೆ ನೀರು ಮುಟ್ಟಿಸಿದರೂ ಎಷ್ಟೋ ಹುಳುಗಳು ನಾಲಿಗೆ ಚಾಚುವುದಿಲ್ಲ. ಇನ್ನು ಕೆಲವು ಕಲಿಸುವ ಮುಂಚೆಯೇ ಚಾಚುತ್ತವೆ. ಏಕೆ? (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಚಾಚದವುಗಳ ವಿಷಯದಲ್ಲಿ ಮೊದಲು, ಕಟ್ಟುವ ಮುನ್ನ ಹುಳುವನ್ನು ಮಂಕಾಗಿಸಲು ಬಳಸುವ ಐಸನ್ನು ಅನುಮಾನಿಸಿ. ಹುಳು ಅಲುಗಾಟ ನಿಲ್ಲಿಸಿದ ಕೂಡಲೇ ಐಸಿನಿಂದ ತೆಗೆದು, ತಲೆ ಹೊರಗಿರುವಂತೆ ಸಣ್ಣ ಕೊಳವೆಗೆ ಸೇರಿಸಿ ಟೇಪಿನಿಂದ ಬಿಗಿಯಬೇಕು; ಹೆಚ್ಚು ಹೊತ್ತು ಬಿಟ್ಟರೆ ಕಲಿಕೆಯೇ ಕೆಡುತ್ತದೆ. ಟೇಪಿನ ಪಟ್ಟಿ ತಲೆಯ ಹಿಂದೆ, ಎದೆಯ ಮೇಲೆ ಬರಲಿ. ಮೀಸೆ, ನಾಲಿಗೆ ಎರಡೂ ಸಲೀಸಾಗಿ ಆಡಬೇಕು. ಯುರೋಪಿನ ಜೇನಿಗೆಂದು ಮಾಡಿದ ಕೊಳವೆ ತುಡುವೆಗೆ ಸಡಿಲ. ಆಮೇಲೆ ಹಸಿವು: ಹೊಟ್ಟೆ ತುಂಬಿದ ಹುಳುವಿಗೆ ಸಕ್ಕರೆಯ ಹಂಗಿಲ್ಲ. ಕೆಲವು ಗಂಟೆ ಕತ್ತಲಲ್ಲಿ, ತೇವ ಆರದ ಡಬ್ಬಿಯಲ್ಲಿ ಉಪವಾಸವಿಡಿ. 100 ಮಿ.ಲೀ. ದ್ರಾವಣಕ್ಕೆ 50 ಗ್ರಾಂ ಸಕ್ಕರೆ ಬೆರೆಸಿ, ಹಲ್ಲುಕಡ್ಡಿಯಿಂದ ಎರಡೂ ಮೀಸೆಗೆ ಮುಟ್ಟಿಸಿ. ಆಗಲೂ ಚಾಚದ ಹುಳುವನ್ನು ಪ್ರಯೋಗದಿಂದ ಕೈಬಿಡಿ.

ಮೊದಲೇ ಚಾಚುವವು ಹೆಚ್ಚು ಮೋಸಗಾರರು. ಬಾಯಾರಿದ ಹುಳು ಕಡ್ಡಿಯಿಂದ ಬರುವ ತೇವಕ್ಕೇ ನಾಲಿಗೆ ನೀಡುತ್ತದೆ. ಮೊದಲು ಬರೀ ನೀರು ಕುಡಿಸಿ ನೋಡಿ. ಗಾಳಿಯ ಹೊಡೆತವೂ ಒಂದು ಸುಳಿವೇ. ಆದ್ದರಿಂದ ಶುದ್ಧ ಗಾಳಿ ಸದಾ ಹರಿಯುತ್ತಿರಲಿ, ವಾಸನೆ ಮಾತ್ರ ಅದರೊಳಗೆ ಸೇರಲಿ. ಹುಳುವಿನ ಹಿಂದೆ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಹಿಂದಿನ ಸರದಿಯ ವಾಸನೆ ಅಲ್ಲೇ ಉಳಿಯುತ್ತದೆ. ವಾಸನೆ 4 ಸೆಕೆಂಡು. ಮೂರನೆಯ ಸೆಕೆಂಡು ಮುಗಿದಾಗ ಸಕ್ಕರೆ ಮೀಸೆಗೆ, ನಾಲಿಗೆ ಚಾಚಿದೊಡನೆ ಬಾಯಿಗೆ, ಒಟ್ಟು 3 ಸೆಕೆಂಡು. ಹತ್ತು ನಿಮಿಷ ಬಿಟ್ಟು ಮತ್ತೆ. ಮೂರು ಸರದಿ ಸಾಕು. ಇನ್ನೊಂದು ಗುಂಪಿಗೆ ಅದೇ ವಾಸನೆ, ಅಷ್ಟೇ ಸಕ್ಕರೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಕೊಡಿ. ಈ ಗುಂಪಿಲ್ಲದ ಫಲಿತಾಂಶಕ್ಕೆ ಕಲಿಕೆ ಎಂಬ ಹೆಸರು ಕೊಡಲಾಗದು.

ಪ್ರಶ್ನೆ: ಹುಳು ಕಲಿತದ್ದು ಸರಿ. ಇಂಥದೇ ನರಕೋಶ ಅದಕ್ಕೆ ಕಾರಣವೆಂದು ಹೇಳುವುದು ಹೇಗೆ? (ಓದುಗರು, ಶಿರಸಿ)

ಉತ್ತರ: ಸಕ್ಕರೆ ಸಿಕ್ಕಾಗ ಒಂದು ಕೋಶ ಮಿಡಿಯಿತು ಎಂದಷ್ಟೇ ದಾಖಲಿಸಿದರೆ ಸಾಲದು, ಅದೇ ಹೊತ್ತಿಗೆ ನೂರಾರು ಕೋಶಗಳು ಮಿಡಿಯುತ್ತಿರಬಹುದು. 1993ರಲ್ಲಿ ಜರ್ಮನಿಯ ಮಾರ್ಟಿನ್ ಹ್ಯಾಮರ್ ಸಕ್ಕರೆಯನ್ನೇ ತೆಗೆದುಹಾಕಿದರು. ವಾಸನೆ ಕೊಟ್ಟು, ಅದರ ಬೆನ್ನಿಗೇ, ಸಕ್ಕರೆ ಸಿಕ್ಕಾಗ ಮಿಡಿಯುವ ವಿಯುಎಂ-ಎಂಎಕ್ಸ್1 ಎಂಬ ಒಂದೇ ಒಂದು ಕೋಶಕ್ಕೆ ಸೂಜಿಮೊನೆಯ ಎಲೆಕ್ಟ್ರೋಡಿನಿಂದ ವಿದ್ಯುತ್ ಹಾಯಿಸಿದರು. ಆಮೇಲೆ ಬರೀ ವಾಸನೆಗೇ ನಾಲಿಗೆಯನ್ನು ಆಡಿಸುವ ಎಂ17 ಎಂಬ ಸ್ನಾಯು ಮಿಡಿಯತೊಡಗಿತು. ವಿದ್ಯುತ್ ಮೊದಲು, ವಾಸನೆ ಆಮೇಲೆ ಕೊಟ್ಟಾಗ ಹೀಗಾಗಲಿಲ್ಲ. ಇಡೀ ಪ್ರಯೋಗದ ಜೀವ ಇರುವುದು ಈ ಹಿಂದುಮುಂದಾದ ಸರದಿಯಲ್ಲೇ: ಬರೀ ಪ್ರಚೋದನೆಯಿಂದ ಹುಳು ಕೆರಳಿದ್ದರೆ ಎರಡರಲ್ಲೂ ಒಂದೇ ಫಲ ಬರಬೇಕಿತ್ತು.

ಆದರೂ ಇದು ಆ ಕೋಶ ಸಕ್ಕರೆಯ ಜಾಗದಲ್ಲಿ ನಿಲ್ಲಬಲ್ಲದು ಎಂಬುದಕ್ಕಷ್ಟೇ ಸಾಕ್ಷಿ. ಅದಿಲ್ಲದೆ ಆಗದು ಎನ್ನಬೇಕಾದರೆ ಸುಮ್ಮನಾಗಿಸಿ ನೋಡಬೇಕು. ಈ ಕೋಶ ಆಕ್ಟೋಪಮೈನ್ ಎಂಬ, ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ರಾಸಾಯನಿಕ ಸುರಿಸುತ್ತದೆ ಎಂಬುದು ಒಪ್ಪಿತ ಮಾತು; ಮುಂದಿನ ಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಕ್ಕೆ (ರಿಸೆಪ್ಟರ್) ಔಷಧಿಯಿಂದ ತಡೆಯೊಡ್ಡುವುದು ಒಂದು ದಾರಿ. ಆಗ ಬರೀ ಉಪ್ಪುದ್ರಾವಣ ಚುಚ್ಚಿದ ಹುಳುಗಳ ಗುಂಪೂ ಇರಲಿ, ತಡೆಯೊಡ್ಡಿದ ಹುಳು ಸಕ್ಕರೆಗೆ ಈಗಲೂ ನಾಲಿಗೆ ಚಾಚುತ್ತದೆಯೇ ಎಂದೂ ಪರೀಕ್ಷಿಸಿ. ಸಕ್ಕರೆಗೇ ಚಾಚದಿದ್ದರೆ ಕೆಟ್ಟಿರುವುದು ಕಲಿಕೆಯೋ ರುಚಿಯೋ ಸ್ನಾಯುವೋ ಹೇಳಲಾಗದು.