ಬಾಗಿ ಹೋಗುವುದರಿಂದ ಬಾಗಿಲಾ?

ಪ್ರಶ್ನೆ: ಹಳೇ ಮನೆಗಳ ಬಾಗಿಲು ಗಿಡ್ಡ. ತಲೆ ಬಾಗಿಸಿಯೇ ಒಳಗೆ ಹೋಗಬೇಕಿತ್ತು, ಅದಕ್ಕೇ ‘ಬಾಗಿಲು’ ಅನ್ನೋ ಹೆಸರು ಬಂತು ಅಂತ ನಮ್ಮಜ್ಜ ಹೇಳುತ್ತಿದ್ದರು. ಇದು ನಿಜವೇ?

ಉತ್ತರ: ನಿಮ್ಮಜ್ಜನ ಮಾತು ಕೇಳಲು ಚೆಂದ. ಚಿಕ್ಕಂದಿನಲ್ಲಿ ನಾನೂ ಇದನ್ನೇ ನಂಬಿದ್ದೆ. ಆದರೆ ಈ ಪದದ ಬೇರು ‘ಬಾಗು’ ಅಲ್ಲ, ‘ಬಾಯಿ’.

ತಮಿಳಿನ ಕಡೆ ಸ್ವಲ್ಪ ನೋಡಿ. ಅಲ್ಲಿ ಬಾಗಿಲಿಗೆ ‘ವಾಯಿಲ್’ ಅನ್ನುತ್ತಾರೆ. ‘ವಾಯ್’ ಅಂದರೆ ಬಾಯಿ, ‘ಇಲ್’ ಅಂದರೆ ಮನೆ. ಮನೆಯ ಬಾಯಿ! ಅವರು ‘ವ’ ಅನ್ನೋ ಕಡೆ ನಾವು ‘ಬ’ ಅನ್ನುತ್ತೇವೆ. ಅವರ ವಿರಲ್ ನಮಗೆ ಬೆರಳು, ವೇರ್ ಬೇರು, ವಾಳೈ ಬಾಳೆ. ತೆಲುಗಿನ ವಾಕಿಲಿ, ತುಳುವಿನ ಬಾಕಿಲ್ ಕೂಡ ಇದೇ ಮನೆತನದವು.

ಬಾಯಿ ಮೊದಲು, ಮನೆ ಆಮೇಲೆ. ತಿರುಗುಮುರುಗು ಅನ್ನಿಸುತ್ತೆ, ಅಲ್ವಾ? ಶಾಲೆಯಲ್ಲಿ ಓದಿದ ಅಂಶಿ ಸಮಾಸ ನೆನಪು ಮಾಡಿಕೊಳ್ಳಿ. ಕೈಯ ಮುಂದು ಮುಂಗೈ, ಮೂಗಿನ ತುದಿ ತುದಿಮೂಗು. ಭಾಗದ ಹೆಸರು ಮೊದಲು, ಇಡಿಯದರ ಹೆಸರು ಆಮೇಲೆ. ಬಾಗಿಲೂ ಇದೇ ಅಚ್ಚಿನ ಪದ. ಇದು ಹೊಳೆದ ದಿನ ನನಗಾದ ಖುಷಿ ಇನ್ನೂ ಹಾಗೇ ಇದೆ.

ಇನ್ನೊಂದು ಮಾತು. ಈಗ ನಾವು ಮರದ ಹಲಗೆಗೂ ಬಾಗಿಲು ಅನ್ನುತ್ತೇವೆ. ಅದಕ್ಕೆ ಬೇರೆಯದೇ ಹೆಸರಿದೆ, ಕದ. ಒಳಗೆ ಹೋಗೋ ತೆರಪೇ ಬಾಗಿಲು. ನಮ್ಮ ಮನೆ ಕಟ್ಟುವಾಗ ಗೋಡೆ ಇನ್ನೂ ಮೊಣಕಾಲೆತ್ತರ ಇತ್ತು. ಬಡಗಿ ಬರೀ ಚೌಕಟ್ಟು ತಂದು ನಿಲ್ಲಿಸಿದರು. ಅಮ್ಮ ಹೊಸ್ತಿಲಿಗೆ ಅರಿಸಿನ ಹಚ್ಚಿದರು. ಆ ಕಡೆ ಈ ಕಡೆ ಬಯಲು, ನಡುವೆ ನಾಲ್ಕು ಮರದ ತುಂಡು. ಕದ ಬಂದದ್ದು ಎಷ್ಟೋ ತಿಂಗಳ ಮೇಲೆ. ಆದರೂ ಅವತ್ತೇ ಎಲ್ಲರೂ “ಬಾಗಿಲು ನಿಲ್ಲಿಸಿದ್ದಾಯ್ತು” ಅಂದರು.

ಕೋಲಾರ ಜಿಲ್ಲೆಯ ಮುಳಬಾಗಿಲು ಕೂಡ ಹಾಗೇ. ಮೂಡಲ ಬಾಗಿಲು, ಅಂದರೆ ನಾಡಿಗೆ ಪೂರ್ವದಿಂದ ಬರುವ ದಾರಿ. ಅಲ್ಲಿ ತಲೆ ಬಾಗಿಸುವ ಮಾತೆಲ್ಲಿ ಬಂತು?

ಮಡಕೆಗೆ ಬಾಯಿ, ಚೀಲಕ್ಕೆ ಬಾಯಿ, ಹುತ್ತಕ್ಕೂ ಬಾಯಿ ಅನ್ನೋ ನಾವು ಮನೆಗೂ ಒಂದು ಬಾಯಿ ಕೊಟ್ಟಿದ್ದೇವೆ, ಅಷ್ಟೇ. ಆದರೆ ಇದೇ ಜಾಡು ಹಿಡಿದು ಬಾವಿಯನ್ನೂ ಈ ಗುಂಪಿಗೆ ಸೇರಿಸಬೇಡಿ. ಎಷ್ಟೇ ಬಾಯ್ತೆರೆದು ಕೂತಿದ್ದರೂ ಅದು ಸಂಸ್ಕೃತದ ‘ವಾಪಿ’ಯಿಂದ ಬಂದ ಪದ.