ಸ್ವಗತ ಬಾಯಿಪಾಠ ಆಗಿದೆ, ಆದರೂ ಮೇಷ್ಟ್ರು ‘ಒಪ್ಪಿಸ್ತಿದ್ದೀಯ’ ಅಂತಾರೆ. ಏನು ಮಾಡಲಿ?

ಎರಡು ಪುಟದ ಮಾತು ಪೂರ್ತಿ ಬಾಯಿಗೆ ಬಂದಿದೆ, ಆದರೆ ನಟನೆ ಬರುತ್ತಿಲ್ಲ ಅಂತ ಕೇಳಿದ್ದೀರಿ. ಈ ಬೈಗುಳ ನಾನೂ ತಿಂದಿದ್ದೇನೆ. ಆಗ ನನಗೆ ಹತ್ತೊಂಬತ್ತು. ರನ್ನನ ‘ಗದಾಯುದ್ಧ’ವನ್ನು ಬಿ.ಎಂ.ಶ್ರೀ 1926ರಲ್ಲಿ ನಾಟಕ ಮಾಡಿದ್ದಾರಲ್ಲ, ಅದರಲ್ಲಿ ದುರ್ಯೋಧನನ ಪಾತ್ರ ಸಿಕ್ಕಿತ್ತು. ರಣರಂಗದಲ್ಲಿ ಸತ್ತುಬಿದ್ದ ದುಶ್ಶಾಸನನನ್ನು ಕಂಡು ಅಳುವ ಜಾಗ. ಹಳಗನ್ನಡ ಬೇರೆ! ಜಯನಗರದಿಂದ ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲಿ ಗೊಣಗಿಕೊಂಡು ಉರು ಹೊಡೆದಿದ್ದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿ ಸುಮ್ಮನಾದರು. ತಾಲೀಮಿನಲ್ಲಿ ಎದೆ ಸೆಟೆಸಿ ಅಬ್ಬರಿಸಿದೆ. ಮೇಷ್ಟ್ರು ಕೇಳಿದ್ದು ಒಂದೇ ಮಾತು: “ಯಾರ ಹತ್ರ ಮಾತಾಡ್ತಿದ್ದೀಯೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಜೊತೆಯ ಹುಡುಗನೊಬ್ಬನನ್ನು ನೆಲದ ಮೇಲೆ ಮಲಗಿಸಿದರು. “ಇವನಿಗೆ ಹೇಳು. ನಿಮ್ಮನೆ ಕನ್ನಡದಲ್ಲಿ ಹೇಳು” ಅಂದರು. ನಾನು ಉರು ಹೊಡೆದಿದ್ದ ಪದ್ಯದ ತಿರುಳು ಇಷ್ಟೇ: ಅಮ್ಮನ ಹಾಲು ಮೊದಲು ಕುಡಿದವನು ನಾನು, ಆಮೇಲೆ ನೀನು. ಊಟದಲ್ಲೂ ಹಾಗೇ. ಸಾಯೋದರಲ್ಲಿ ಮಾತ್ರ ನೀನು ಮುಂದೆ ಹೋದೆ. “ಊಟಕ್ಕೂ ನಾನೇ ಮೊದಲು ಕೂರ್ತಿದ್ದೆ ಕಣೋ” ಅಂದೆ. ಅವನು ಕಣ್ಣು ಬಿಡಲಿಲ್ಲ. ನನ್ನ ದನಿ ತಾನಾಗಿ ಇಳಿಯಿತು. ಇದು ಅಣ್ಣನೊಬ್ಬ ತಮ್ಮನ ಮೇಲೆ ಹೇಳೋ ದೂರು ಅಂತ ಹೊಳೆದದ್ದು ಆಗಲೇ.

ಹಾಗಾಗಿ ಮೊದಲು ನಿಮ್ಮ ಮಾತು ಯಾರಿಗೆ ಅಂತ ಹುಡುಕಿ. ಅವರು ಯಾಕೆ ನಡುವೆ ಬಾಯಿ ಹಾಕ್ತಿಲ್ಲ? ಸತ್ತಿದ್ದಾರಾ, ಹೆದರಿದ್ದಾರಾ, ಕೋಪವಾ? ಅಪ್ಪಟ ಸ್ವಗತದಲ್ಲೂ ಕೇಳುವವರು ಇರ್ತಾರೆ. ಕಾರ್ನಾಡರ ‘ನಾಗಮಂಡಲ’ ನಾಟಕದ ರಾಣಿ ಅನ್ನೋ ಹುಡುಗಿಯನ್ನೇ ನೋಡಿ. ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋಗ್ತಾನೆ. ಹಕ್ಕಿಯೊಂದು ತನ್ನನ್ನು ಹೊತ್ತುಕೊಂಡು ಹೋಗೋ ಹಾಗೆ ಅವಳು ಕಲ್ಪಿಸಿಕೊಳ್ತಾಳೆ. ಪ್ರಶ್ನೆಯೂ ಅವಳದೇ, ಹಕ್ಕಿಯ ಉತ್ತರವೂ ಅವಳದೇ.

ಆಮೇಲೆ ಪೆನ್ಸಿಲ್ ಹಿಡಿದು, ಮನಸ್ಸು ತಿರುಗುವ ಕಡೆಯೆಲ್ಲ ಗೆರೆ ಎಳೆಯಿರಿ. ಉಸಿರು ಅಲ್ಲೇ ತಗೊಳ್ಳಿ. ಕಣ್ಣೀರು ತರಿಸೋಕೆ ಮಾತ್ರ ಒದ್ದಾಡಬೇಡಿ, ಅದು ನೋಡೋರಿಗೆ ಹಿಂಸೆ.

ಇನ್ನೊಂದು. ಬೆಂಗಳೂರಿನ ರಂಗಶಂಕರಕ್ಕೋ ಕಲಾಕ್ಷೇತ್ರಕ್ಕೋ ನಾಟಕ ನೋಡೋಕೆ ಹೋದಾಗ, ಉದ್ದ ಮಾತು ಬಂದ ಕೂಡಲೇ ಅದನ್ನು ಕೇಳಿಸಿಕೊಳ್ಳುತ್ತಿರುವ ನಟರ ಮುಖ ನೋಡಿ. ಅರ್ಧ ಪಾಠ ಅಲ್ಲೇ ಇರುತ್ತೆ.

ನೆಲದ ಮೇಲೆ ಮಲಗೋಕೆ ಗೆಳೆಯರು ಸಿಗದಿದ್ದರೆ ಒಂದು ದಿಂಬು ಇಟ್ಟುಕೊಳ್ಳಿ. ನಾನು ಈಗಲೂ ಮಾಡೋದು ಹಾಗೇ.